ಕೊಡಗಿನ ಎರಡು ಕಬ್ಬಿಣಗಳು

ಆಷಾಢ ಶ್ರಾವಣಗಳ ಮಳೆಯನ್ನೆಲ್ಲ ಸುರಿದು ಬಳಲಿದ ಮೋಡಗಳು ಬ್ರಹ್ಮಗಿರಿಯ ನೆತ್ತಿಯಿಂದ ಮೆಲ್ಲನೆ ಸರಿಯತೊಡಗುವ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಕೊಡಗನ್ನು ನೋಡಬೇಕು. ನಾಟಿ ಮುಗಿದ ಗದ್ದೆಗಳಲ್ಲಿ ಪೈರು ಬೇರೂರಿ ಎಳೆಹಸುರು ತಿರುಗಿರುತ್ತದೆ. ಕಾಫಿ ತೋಟಗಳಲ್ಲಿ ಕಾಯಿ ಇನ್ನೂ ಹಸುರಾಗಿಯೇ ಇದ್ದು, ಮೇಲಿನ ಮರಗಳಿಂದ ಹನಿಗಳು ಬಿಟ್ಟುಬಿಟ್ಟು ಉದುರುತ್ತಿರುತ್ತವೆ. ವಿರಾಜಪೇಟೆಯಿಂದ ಗೋಣಿಕೊಪ್ಪಲಿನತ್ತ ಸಾಗುವ ದಾರಿಯಲ್ಲಿ ಬಿಟ್ಟಂಗಾಲವೆಂಬ ಊರಿದೆ. ಅಲ್ಲಿ ತೋಟಗಳ ನಡುವೆ ಒಮ್ಮೆಗೇ ಕಣ್ಣಿಗೆ ಬೀಳುವ ಗಾಲ್ಫ್ ಮೈದಾನವನ್ನು ಕಂಡು, ಇದೇನು ಇಷ್ಟು ಚೊಕ್ಕಟವಾದ ಹುಲ್ಲುಗಾವಲು ಎಂದು ಹೊಸಬರು ಬೆರಗಾಗುವುದುಂಟು. ಮೇಯಲು ಒಂದು ದನವೂ ಇಲ್ಲದ ಹುಲ್ಲುಗಾವಲು! ಅದರ ಏರಿಳಿತಗಳಲ್ಲಿ ಇಬ್ಬರೋ ಮೂವರೋ ಆಟಗಾರರು ಭಾರವಾದ ಚೀಲಗಳನ್ನು ಹೊರಿಸಿಕೊಂಡು ನಡೆಯುತ್ತಿರುತ್ತಾರೆ. ಚೀಲದ ಬಾಯಿಂದ ಹೊರಚಾಚಿದ ಕಬ್ಬಿಣದ ತಲೆಗಳು ತೊಯ್ದ ಬೆಳಕಿನಲ್ಲಿ ಮಿನುಗುತ್ತಿರುತ್ತವೆ.

ಅದೇ ವಾರ, ಅಲ್ಲಿಂದ ಒಂದೆರಡು ಮೈಲಿ ಆಚೆ, ಯಾವುದಾದರೊಂದು ಐನ್‌ಮನೆಯ ನೆಲ್ಲಕ್ಕಿ ಬಾಡೆಯಲ್ಲಿ ಮತ್ತೊಂದು ಬಗೆಯ ಕಬ್ಬಿಣವು ದೀಪದ ಮುಂದೆ ಸಾಲಾಗಿ ಕುಳಿತಿರುತ್ತದೆ: ಕೋವಿ, ಪೀಚೆಕತ್ತಿ, ಒಡಿಕತ್ತಿ. ಕೈಲ್ ಪೋಳ್ದ್ ಹಬ್ಬ ಅದು. ಕೊಡಗಿನ ಈ ಎರಡು ಕಬ್ಬಿಣಗಳ ನಡುವೆ ಸಂಬಂಧವೇನೆಂದು ಕೇಳಿದರೆ ಆಟಗಾರನೂ ನಕ್ಕಾನು, ಮನೆಯ ಹಿರಿಯನೂ ನಕ್ಕಾನು. ಒಂದು ಪರದೇಶದ ಶ್ರೀಮಂತರ ವಿನೋದದ ಸಾಧನ. ಇನ್ನೊಂದು ಕುಲದ ಮಾನ. ಆದರೆ ಕುಲುಮೆಯ ಮುಂದೆ ಕುಳಿತ ಕಮ್ಮಾರನ ಕಣ್ಣಿಗೆ ಅವೆರಡೂ ಒಂದೇ ಜಾತಿಯವು. ಎರಡೂ ಕೈಯಲ್ಲಿ ಹಿಡಿದು ಬೀಸತಕ್ಕವು. ಎರಡರ ಭಾರವೂ ತುದಿಯ ಕಡೆಗೆ. ಎರಡಕ್ಕೂ ಒಂದೇ ಏಟಿನಲ್ಲಿ ಕೆಲಸ ಮುಗಿಯಬೇಕು. ಇವೆರಡನ್ನೂ ಕಾಯಿಸಿ ಬಡಿದೇ ಮಾಡಬೇಕೆಂಬ ಹಟ ಇಂದಿಗೂ ಉಳಿದುಬಂದಿದೆ.

ಗಾಲ್ಫ್ ಆಟವು ಕೊಡಗಿಗೆ ಬಂದದ್ದು ಕಾಫಿಯ ಬೆನ್ನಿಗೆ. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ತೋಟವೊಂದನ್ನು ತೆರೆದ ಮೇಲೆ ಪರದೇಶದ ತೋಟಗಾರರು ಒಬ್ಬರ ಹಿಂದೊಬ್ಬರಾಗಿ ಬಂದರು. ಅವರ ಹಿಂದೆ ಕ್ಲಬ್ಬುಗಳೂ ಆಟಗಳೂ ಬಂದವು. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಹುಟ್ಟಿಕೊಂಡಿತ್ತು. ಇಂದು ಕೊಡಗಿನಲ್ಲಿ ಮಡಿಕೇರಿಯ ಗುಡ್ಡದ ಮೇಲೊಂದು, ಪಾಲಿಬೆಟ್ಟದ ಕಾಫಿ ತೋಟಗಳ ನಡುವೆ ಒಂಬತ್ತು ಕುಳಿಗಳದೊಂದು, ಬಿಟ್ಟಂಗಾಲದಲ್ಲೊಂದು ಎಂದು ಮೈದಾನಗಳಿವೆ. ಕೊಡಗಿನ ಮನೆಮನೆಯ ಆಟ ಹಾಕಿ ಎಂಬುದೇನೋ ನಿಜ. 1997ರಿಂದ ನಡೆದುಬಂದಿರುವ ಕುಟುಂಬ ಹಾಕಿ ಹಬ್ಬಕ್ಕೆ ಸೇರುವ ಜನದ ಮುಂದೆ ಗಾಲ್ಫ್ ಆಡುವವರ ಸಂಖ್ಯೆ ಲೆಕ್ಕಕ್ಕಿಲ್ಲ. ಆದರೂ ಆ ಚೀಲದೊಳಗಿನ ಕೋಲುಗಳನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿದವನು ಆಟವನ್ನು ಮರೆತು ಕೋಲನ್ನೇ ನೋಡುತ್ತ ನಿಂತುಬಿಡುತ್ತಾನೆ.

ಆಟದ ನಿಯಮದಂತೆ ಒಬ್ಬನ ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇರಕೂಡದು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಬ್ಬಿಣದ ತಲೆಯವು. ಆಟಗಾರರ ಮಾತಿನಲ್ಲಿ ಅವು ‘ಐರನ್’ಗಳು. ತಲೆಯ ಮುಖ ಹಿಂದಕ್ಕೆ ಎಷ್ಟು ಓರೆಯಾಗಿದೆಯೋ ಅಷ್ಟು ಚೆಂಡು ಮೇಲಕ್ಕೆ ಏಳುತ್ತದೆ, ಅಷ್ಟು ಸಮೀಪದಲ್ಲಿ ಬೀಳುತ್ತದೆ. ಹಳೆಯ ಲೆಕ್ಕದಲ್ಲಿ 7ನೆಯ ಸಂಖ್ಯೆಯ ಕೋಲಿಗೆ ಸುಮಾರು 34 ಡಿಗ್ರಿ ಓರೆ. ಈಚೆಗೆ ಕೆಲವು ತಯಾರಕರು 30 ಡಿಗ್ರಿಗೂ ಕಡಿಮೆ ಓರೆಯ ಕೋಲಿನ ಮೇಲೆ 7 ಎಂದು ಕೊರೆದು, ‘ನೋಡಿ, ನಮ್ಮ ಏಳನೆಯದು ಎಷ್ಟು ದೂರ ಹೊಡೆಯುತ್ತದೆ’ ಎನ್ನುತ್ತಾರೆ. ಸೇರನ್ನು ಚಿಕ್ಕದು ಮಾಡಿ ‘ಸೇರಿನ ಬೆಲೆ ಇಳಿಯಿತು’ ಎಂದ ಅಂಗಡಿಯವನ ಕಥೆಯಂತಾಯಿತು ಇದು! ಸಂಖ್ಯೆ ಏರಿದಂತೆ ಕೋಲು ಅರ್ಧರ್ಧ ಅಂಗುಲ ಗಿಡ್ಡವಾಗುತ್ತದೆ. ಗಿಡ್ಡವಾದಷ್ಟೂ ತಲೆಯ ತೂಕ ಸುಮಾರು 7 ಗ್ರಾಮಿನಂತೆ ಏರುತ್ತದೆ. 5ನೆಯದರ ತಲೆ 250 ಗ್ರಾಮಿನ ಆಸುಪಾಸು ಇದ್ದರೆ 9ನೆಯದು 280ರ ಸಮೀಪಕ್ಕೆ ಬರುತ್ತದೆ. ಹೀಗೆ ಮಾಡುವುದೇಕೆ? ಯಾವ ಕೋಲನ್ನು ಎತ್ತಿಕೊಂಡರೂ ಬೀಸುವಾಗ ಕೈಗೆ ಒಂದೇ ಭಾರ ತೋರಬೇಕು. ತಕ್ಕಡಿಗೆ ಬೇರೆ ಬೇರೆಯಾದದ್ದು ತೋಳಿಗೆ ಒಂದೇ ಆಗಬೇಕೆಂಬುದು ಈ ಕಸುಬಿನ ಮೊದಲ ಗುಟ್ಟು.

ಈ ತಲೆಗಳನ್ನು ಮೊದಲು ಮಾಡಿದವರು ಸ್ಕಾಟ್ಲೆಂಡಿನ ಹಳ್ಳಿಯ ಕಮ್ಮಾರರು. ಕುದುರೆಯ ಲಾಳ, ನೇಗಿಲ ಕುಳ, ಬಾಗಿಲ ಬಿಜಾಗರಿಗಳ ನಡುವೆ ಇದೂ ಒಂದು ಕೆಲಸ. ಬರಬರುತ್ತ ಕೆಲವರು ಇದನ್ನೇ ಕಸುಬಾಗಿ ಹಿಡಿದರು. ಸೇಂಟ್ ಆಂಡ್ರೂಸ್ ಊರಿನ ಟಾಮ್ ಸ್ಟೂವರ್ಟನು ತಾನು ಬಡಿದ ತಲೆಗಳ ಬೆನ್ನಿಗೆ ಹೊಗೆಬತ್ತಿಯ ಕೊಳವೆಯ ಮುದ್ರೆಯೊತ್ತುತ್ತಿದ್ದ. ಅದೇ ಊರಿನ ಕಾಂಡಿ ಎಂಬುವನದು ಗುಲಾಬಿ ಹೂವಿನ ಮುದ್ರೆ. ಹಿಕರಿ ಮರದ ಹಿಡಿಗಳ ಆ ಕಾಲದಲ್ಲಿ ಕೋಲುಗಳಿಗೆ ಸಂಖ್ಯೆಗಳಿರಲಿಲ್ಲ, ಹೆಸರುಗಳಿದ್ದವು: ಕ್ಲೀಕ್, ಮ್ಯಾಷಿ, ನಿಬ್ಲಿಕ್. 1929ರಲ್ಲಿ ಬ್ರಿಟನ್ನಿನ ಆಡಳಿತವರ್ಗವು ಉಕ್ಕಿನ ಹಿಡಿಗೆ ಒಪ್ಪಿಗೆಯಿತ್ತ ಮೇಲೆ ಮರವೂ ಹೋಯಿತು, ಹೆಸರುಗಳೂ ಹೋದವು. ಒಂದು ಸಂಸಾರದ ಮಕ್ಕಳ ಹೆಸರು ಅಳಿಸಿ ಸಂಖ್ಯೆ ಬರೆದಂತೆ.

ಇಂದು ಅತಿ ಬೆಲೆಯ ಕಬ್ಬಿಣಗಳನ್ನು ಬಡಿಯುವ ಸೀಮೆಗಳಲ್ಲಿ ಜಪಾನಿನ ಹ್ಯೋಗೊ ಪ್ರಾಂತ ಹೆಸರಾದುದು. ಹಿಮೇಜಿ ಕೋಟೆಗೆ ದೂರವಲ್ಲದ ಇಚಿಕಾವಾ ಎಂಬ ಊರಿನಲ್ಲಿ 1930ರ ಸುಮಾರಿಗೆ ಈ ಕಸುಬು ಬೇರೂರಿತು. ಅದೇ ಪ್ರಾಂತದ ಮಿಕಿ ಎಂಬ ಊರು ಬಡಗಿಗಳ ಉಳಿ, ಗರಗಸಗಳಿಗೆ ಪ್ರಸಿದ್ಧ. ಕತ್ತಿಯನ್ನೂ ಉಳಿಯನ್ನೂ ಬಡಿದ ನೆಲದಲ್ಲಿ ಆಟದ ಕೋಲು ಬಡಿಯುವ ಕೈಗಳು ಸಿಕ್ಕಿದ್ದು ಸೋಜಿಗವೇನಲ್ಲ. ಅಲ್ಲಿ ಮಿಯುರಾ ಕುಟುಂಬದಂಥವರು ತಯಾರಿಸುವ ಒಂದು ಜೊತೆ ಕಬ್ಬಿಣಗಳಿಗೆ ನಮ್ಮ ನಾಣ್ಯದಲ್ಲಿ ಲಕ್ಷಕ್ಕೂ ಮೀರಿದ ಬೆಲೆಯುಂಟು. ಆ ಬೆಲೆಗೆ ಕೊಡಗಿನಲ್ಲಿ ಒಂದು ಹಟ್ಟಿ ತುಂಬುವಷ್ಟು ದನ ಬಂದೀತು ಎಂದು ಹಿರಿಯರು ಲೆಕ್ಕ ಹಾಕಿದರೆ ಅವರನ್ನು ತಪ್ಪೆನ್ನಲಾಗದು.

ಕೆಲಸದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೂರರಲ್ಲಿ ಕಾಲು ಭಾಗದಷ್ಟು ಮಾತ್ರ ಇಂಗಾಲವಿರುವ ಮೆದು ಉಕ್ಕಿನ ಸಲಾಕೆಯ ತುಂಡೊಂದನ್ನು 1,200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಕಾಯಿಸುವರು. ಕಿತ್ತಳೆಯ ಬಣ್ಣ ಹಳದಿಗೆ ತಿರುಗುವ ಹೊತ್ತು ಅದು. ಬಳಿಕ ಅದನ್ನು ಬಾಗಿಸಿ, ಎರಡು ಅಚ್ಚುಗಳ ನಡುವೆ ಇಟ್ಟು, ಯಂತ್ರದ ಸಮ್ಮಟಿಗೆಯಿಂದ ಬಡಿಯುವರು. ಒಮ್ಮೆ ಬಡಿದರೆ ಸಾಲದು. ಕಾಯಿಸಿ, ಬಡಿದು, ಅಂಚಿಗೆ ಉಕ್ಕಿಬಂದ ಹೆಚ್ಚಿನ ಕಬ್ಬಿಣವನ್ನು ಕತ್ತರಿಸಿ, ಮತ್ತೆ ಕಾಯಿಸಿ ಬಡಿಯಬೇಕು. ಹಲಸಿನ ಹಲಗೆಗೆ ನಾರಿನ ಎಳೆಯಿರುವಂತೆ ಕಬ್ಬಿಣಕ್ಕೂ ಒಂದು ಎಳೆಯುಂಟು. ಬಡಿದಾಗ ಆ ಎಳೆಯು ತುಂಡಾಗದೆ ಹಿಡಿಯ ಕೊರಳಿನಿಂದ ಮುಖದವರೆಗೂ ಆಕಾರದ ಜೊತೆಗೇ ಬಾಗಿ ಹರಿಯುತ್ತದೆ. ಒಳಗಿನ ಸಣ್ಣಪುಟ್ಟ ಪೊಳ್ಳುಗಳು ಮುಚ್ಚಿಹೋಗುತ್ತವೆ.

ಯಂತ್ರದ ಪಾಲು ಇಲ್ಲಿಗೆ ಮುಗಿಯಿತು. ಉಳಿದುದೆಲ್ಲ ಸಾಣೆಯ ಮುಂದೆ ಕುಳಿತ ಮನುಷ್ಯನದು. ಬಡಿದ ತಲೆ ಬೇಕಾದುದಕ್ಕಿಂತ ದಪ್ಪವಾಗಿಯೇ ಬಂದಿರುತ್ತದೆ. ಅದನ್ನು ತಿರುಗುವ ಪಟ್ಟಿಗೆ ಒತ್ತಿ, ಕಿಡಿ ಹಾರಿಸಿ, ತೂಗಿ, ಮತ್ತೆ ಒತ್ತಿ ಆತನು ರೂಪಕ್ಕೆ ತರಬೇಕು. ಕೆಳಗಿನ ಅಂಚನ್ನು ಎಷ್ಟು ದುಂಡಗೆ ಮಾಡಬೇಕು? ತೀರ ಚೂಪಾದರೆ ಒದ್ದೆ ನೆಲದಲ್ಲಿ ಹೂತುಹೋಗುತ್ತದೆ. ತೀರ ದುಂಡಾದರೆ ಗಟ್ಟಿ ನೆಲದ ಮೇಲೆ ಪುಟಿಯುತ್ತದೆ. ಮೇಲಂಚು ಎಷ್ಟು ತೆಳುವಾಗಿರಬೇಕು? ಆಟಗಾರನು ಮೇಲಿನಿಂದ ನೋಡಿದಾಗ ಆ ಗೆರೆ ಅವನ ಕಣ್ಣಿಗೆ ಒಪ್ಪಬೇಕು, ಅಷ್ಟೆ. ಅದಕ್ಕೆ ಬೇರೆ ಸೂತ್ರವಿಲ್ಲ. ತೂಕದಲ್ಲಿ ಒಂದೆರಡು ಗ್ರಾಮಿನ ತಪ್ಪೂ ಬಾಣಲಿಯಲ್ಲಿ ತೂಗಿ ನೋಡಿದರೆ ಸಿಕ್ಕಿಬೀಳುತ್ತದೆ. ಮುಖದ ಮೇಲಿನ ಗೀರುಗಳಿಗೆ ಮಾತ್ರ ಕಾನೂನಿನ ಕಟ್ಟುಂಟು. ಅವುಗಳ ಅಂಚು ಎಷ್ಟು ಹರಿತವಾಗಿರಬಹುದೆಂಬುದನ್ನು 2010ರಿಂದ ಬಿಗಿಗೊಳಿಸಿದ್ದಾರೆ. ಕಡೆಗೆ ನಿಕ್ಕೆಲ್, ಕ್ರೋಮಿಯಂಗಳ ತೆಳುವಾದ ಲೇಪ. ಇಲ್ಲವಾದರೆ ಮೆದು ಉಕ್ಕು ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯ ಜನಕ್ಕೆ ತುಕ್ಕಿನ ವಿಷಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬಡಿಯದೆ ಎರಕ ಹೊಯ್ದರಾಗದೆ? ಆಗುತ್ತದೆ, ಬಹುಪಾಲು ಕೋಲುಗಳು ಇಂದು ಆಗುತ್ತಿರುವುದೂ ಹಾಗೆಯೇ. ಅಮೆರಿಕದಲ್ಲಿ ನೆಲೆಸಿದ ಕಾರ್ಸ್ಟನ್ ಸೋಲ್‌ಹೈಮ್ ಎಂಬ ಎಂಜಿನಿಯರನು 1960ರ ದಶಕದ ಕೊನೆಗೆ ಮೇಣದ ಅಚ್ಚಿನಿಂದ ಉಕ್ಕಿನ ತಲೆಗಳನ್ನು ಎರೆಯುವ ದಾರಿ ಹಿಡಿದು, ಭಾರವನ್ನು ನಡುವಿನಿಂದ ತೆಗೆದು ಅಂಚಿಗೆ ಹಂಚಿದ. ಏಟು ಸ್ವಲ್ಪ ಅತ್ತಿತ್ತ ಬಿದ್ದರೂ ತಲೆ ತಿರುಚಿಕೊಳ್ಳದೆ ಚೆಂಡು ಸುಮಾರಾಗಿ ನೇರಕ್ಕೇ ಹೋಗುವಂತಾಯಿತು. ಮೇಣದಿಂದ ಬಿಂಬ ಮಾಡಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವ ಈ ವಿದ್ಯೆ ನಮಗೆ ಹೊಸದೇ? 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ದೇವತಾಮೂರ್ತಿಗಳನ್ನು ಎರೆಯುವ ಕ್ರಮವನ್ನು ಹೇಳುತ್ತ ಇದನ್ನೇ ವಿವರಿಸಿದ್ದಾನೆ. ದೇವರ ಮೂರ್ತಿಗೆ ಒಪ್ಪಿದ ವಿಧಾನ ಆಟದ ಕೋಲಿಗೆ ಒಪ್ಪದೆ ಹೋದೀತೆ!

ಆದರೂ ನುರಿತ ಆಟಗಾರರಲ್ಲಿ ಹಲವರು ಬಡಿದ ಕಬ್ಬಿಣವನ್ನೇ ಬಯಸುವರು. ಅದಕ್ಕೆ ಅವರು ಕೊಡುವ ಕಾರಣ ಒಂದೇ: ಕೈಗೆ ಸಿಗುವ ಅನುಭವ. ಸರಿಯಾದ ಬಿಂದುವಿನಲ್ಲಿ ಚೆಂಡು ತಗುಲಿದಾಗ ಏಟು ಬಿದ್ದದ್ದೇ ತಿಳಿಯದಂತೆ, ಮಾಗಿದ ಹಣ್ಣಿಗೆ ಚಾಕು ಇಳಿದಂತೆ ಇರುತ್ತದಂತೆ. ವಿಜ್ಞಾನಿಗಳು ಇದಕ್ಕೆ ತುಸು ತಣ್ಣೀರೆರಚಿದ್ದಾರೆ. ಚೆಂಡು ಕಬ್ಬಿಣಕ್ಕೆ ಅಂಟಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಕೈಯ ಸುದ್ದಿ ಮೆದುಳಿಗೆ ಮುಟ್ಟುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ. ‘ಕೈಗೆ ಹಿತವಾಯಿತು’ ಎಂದು ಆಟಗಾರ ಹೇಳುವುದರಲ್ಲಿ ಬಹುಪಾಲು ಕಿವಿಗೆ ಹಿತವಾದ ಸದ್ದು. ಇರಲಿ. ಗೃಹಿಣಿಯು ಹೊಸ ಮಡಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಕೊಳ್ಳುವಾಗ ಆಕೆಯನ್ನು ಯಾರೂ ಭ್ರಾಂತಳೆನ್ನುವುದಿಲ್ಲ. ಮೆದು ಉಕ್ಕಿಗೆ ಇನ್ನೊಂದು ನಿಶ್ಚಿತವಾದ ಗುಣವೂ ಉಂಟು. ಆಟಗಾರನು ಎತ್ತರವಾಗಿದ್ದರೆ, ಗಿಡ್ಡನಾಗಿದ್ದರೆ, ಕೋಲಿನ ಕೊರಳನ್ನು ಹಿಡಿಕೆಗೆ ಸಿಕ್ಕಿಸಿ ಒಂದೆರಡು ಡಿಗ್ರಿ ಬಾಗಿಸಿ ಅವನಿಗೆ ಹೊಂದಿಸಬಹುದು. ಗಡುಸಾದ ಎರಕವು ಇಷ್ಟು ಸುಲಭವಾಗಿ ಬಾಗದು. ತಯಾರಕರಲ್ಲಿ ಕೆಲವರು ಮುಖದ ತಗಡನ್ನು ಮಾತ್ರ ಬಡಿದು, ಒಡಲನ್ನು ಎರಕ ಹೊಯ್ದು, ಮೇಲೆ ‘ಫೋರ್ಜ್ಡ್’ ಎಂದು ಕೊರೆಯುವುದೂ ನಡೆದಿದೆ. ಕೊಳ್ಳುವವನು ಎಚ್ಚರದಿಂದಿರಬೇಕು.

ಇನ್ನು ಮೈದಾನದಿಂದ ಮನೆಯೊಳಗಿನ ಕಬ್ಬಿಣದ ಕಡೆಗೆ ಬರೋಣ. ಕೊಡವರ ಉಡುಗೆಯನ್ನು ಚಿತ್ರದಲ್ಲಾದರೂ ನೋಡದವರಿಲ್ಲ: ಮೊಣಕಾಲಿನ ಕೆಳಗಿಳಿಯುವ ಕರಿಯ ಕುಪ್ಯ, ನಡುವಿಗೆ ಕೆಂಪು ರೇಷ್ಮೆಯ ಚೇಲೆ, ಮುಂಭಾಗದಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಪೀಚೆಕತ್ತಿ ಕಿರಿದು, ಸುಂದರ. ಅದರ ಒರೆಗೆ ಬೆಳ್ಳಿಯ ಕುಸುರಿ, ತೂಗುವ ಸರಪಣಿ. ಹಳೆಯವುಗಳಲ್ಲಿ ಆನೆದಂತದ ಹಿಡಿಯೂ ಉಂಟು. ಇಂದು ದಂತದ ವ್ಯಾಪಾರ ನಿಷಿದ್ಧ. ನೋಡುವವರ ಕಣ್ಣೆಲ್ಲ ಇದರ ಮೇಲೆಯೇ. ಬೆನ್ನ ಹಿಂದಿರುವುದನ್ನು ಗಮನಿಸುವವರು ಕಡಿಮೆ. ಅಲ್ಲಿ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ, ಒರೆಯಿಲ್ಲದೆ, ಬರಿಯ ಅಲಗಾಗಿಯೇ ನಿಂತಿರುವುದು ಒಡಿಕತ್ತಿ. ಅಲಗಿನ ಉದ್ದ ಮೊಳಕ್ಕೆ ಕೊಂಚ ಕಡಿಮೆ. ಹಿಡಿಯ ಬಳಿ ಕಿರಿದಾಗಿ ಹೊರಟು, ತುದಿಯತ್ತ ಅಗಲವಾಗುತ್ತ, ಮುಂದಕ್ಕೆ ಬಾಗುತ್ತದೆ; ಬಾಯಿ ಇರುವುದು ಬಾಗಿದ ಒಳಮಗ್ಗುಲಿನಲ್ಲಿ. ಒಂದು ಕೈಯ ಬಲದಲ್ಲಿ ಬೀಸಿದರೆ ಆಯುಧದ ಭಾರವೆಲ್ಲ ಏಟು ಬೀಳುವ ಎಡೆಗೇ ಓಡಿಹೋಗುವಂತೆ ಇದರ ರಚನೆ. ಕೈ ಜಾರದಂತೆ ಹಿಡಿಯ ಕೊನೆಯನ್ನು ಅಗಲವಾಗಿ ಹರಡಿರುವರು.

1880ರಲ್ಲಿ ಎಗರ್ಟನ್ ಎಂಬ ಆಂಗ್ಲನು ಭಾರತದ ಆಯುಧಗಳ ಮೇಲೆ ಬರೆದ ಗ್ರಂಥದಲ್ಲಿ ಈ ಕತ್ತಿಯನ್ನೂ ಅದರ ತೋಡಂಗನ್ನೂ ಸೇರಿಸಿದ್ದಾನೆ. ಅದಕ್ಕೂ ಮೊದಲೇ ಇದರ ರೂಪ ನಾಣ್ಯದಂತೆ ಅಚ್ಚಾಗಿತ್ತು. 1837ರ ಬಂಡಾಯದಲ್ಲಿ ಕಂಪನಿ ಸರಕಾರದ ಪಕ್ಷ ವಹಿಸಿದ ಕೊಡಗಿನವರಿಗೆ ಹಂಚಿದ ಪದಕದ ಒಂದು ಮುಖದಲ್ಲಿ ಕತ್ತಿಯೆತ್ತಿದ ಯೋಧ, ಇನ್ನೊಂದು ಮುಖದಲ್ಲಿ ಕತ್ತಿಯೂ ಅದರ ಪಟ್ಟಿಯೂ ಇವೆ. ಆ ಬಂಡಾಯದಲ್ಲಿ ಸರಿಯಾದ ಪಕ್ಷ ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಕತ್ತಿಯ ರೂಪದ ವಿಷಯದಲ್ಲಿ ಮಾತ್ರ ಆಕ್ಷೇಪವಿರಲಾರದು.

ಈ ಕತ್ತಿಗಳನ್ನು ಬಡಿದವರ ಹೆಸರು ಯಾವ ಪದಕದ ಮೇಲೂ ಇಲ್ಲ. ಸ್ಟೂವರ್ಟನ ಕೊಳವೆಯಂಥ ಮುದ್ರೆಯನ್ನು ಒತ್ತಿಕೊಳ್ಳುವ ವಾಡಿಕೆಯೂ ನಮ್ಮಲ್ಲಿ ಬೆಳೆಯಲಿಲ್ಲ. ಕೊಡಗಿನಲ್ಲಿ ಮರಗೆಲಸ, ಕಬ್ಬಿಣದ ಕೆಲಸ, ಲೋಹದ ಕುಸುರಿ ಇವು ಐರಿ, ಕೊಲ್ಲ ಮೊದಲಾದ ಜನಗಳ ಕೈಯಲ್ಲಿ ಇದ್ದವು. ಅವರ ಮನೆಮಾತೂ ಕೊಡವ ತಕ್ಕೇ. ಐರಿ ಎಂಬ ಹೆಸರಿಗೂ ಆಂಗ್ಲರ ‘ಐರನ್’ಗೂ ಧ್ವನಿಯ ಹೊರತು ಯಾವ ನಂಟೂ ಇಲ್ಲ, ಆದರೆ ಕಾಕತಾಳೀಯವಾಗಿಯಾದರೂ ಎಷ್ಟು ಚೆನ್ನಾಗಿ ಹೊಂದಿತು! ಶಬ್ದಗಳ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬಹುದು. ಯೂರೋಪಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡ ‘ವೂಟ್ಜ್’ ಎಂಬ ಉಕ್ಕು ಇದೇ ದಕ್ಷಿಣ ದೇಶದ್ದು. 1795ರಲ್ಲಿ ಪಿಯರ್‌ಸನ್ ಎಂಬಾತ ಅದರ ಮೇಲೆ ಲಂಡನ್ನಿನಲ್ಲಿ ಪ್ರಬಂಧ ಬರೆದ. ಬಳಿಕ ಫ್ಯಾರಡೆಯಂಥ ಮಹಾಶಯನೇ ಅದರ ಗುಟ್ಟನ್ನು ಬಿಡಿಸಲು ಹೊರಟ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ‘ಕೈಲ್’ ಎಂದರೆ ಕೊಡವ ತಕ್ಕಿನಲ್ಲಿ ಆಯುಧ. ಹಳಗನ್ನಡದ ಕವಿಗಳು ಆಯುಧವನ್ನು ‘ಕೈದು’ ಎಂದರು. ಕೈಯನ್ನು ಬಿಟ್ಟು ಆಯುಧವನ್ನು ಯೋಚಿಸುವುದು ಈ ಭಾಷೆಗಳಿಗೆ ಒಗ್ಗದು.

ಒಡಿಕತ್ತಿಯನ್ನು ಬಡಿಯುವುದು ಗಾಲ್ಫ್ ಕೋಲನ್ನು ಬಡಿಯುವುದಕ್ಕಿಂತ ಒಂದು ವಿಷಯದಲ್ಲಿ ಕಠಿನ. ಕೋಲಿಗೆ ಬಾಯಿಲ್ಲ, ಕತ್ತಿಗೆ ಬಾಯಿದೆ. ಆದುದರಿಂದ ಮೆದು ಉಕ್ಕು ಇಲ್ಲಿ ಸಲ್ಲದು. ಇಂಗಾಲ ಹೆಚ್ಚಿರುವ ಉಕ್ಕು ಬೇಕು. ಇಂದು ನಮ್ಮ ಹಳ್ಳಿಗಳ ಕಮ್ಮಾರರು ಬಹುಮಟ್ಟಿಗೆ ನೆಚ್ಚಿರುವುದು ಹಳೆಯ ಲಾರಿಗಳ ಅಡಿಯ ಪಟ್ಟಿಗಳನ್ನು. ಸಂಪಾಜೆ ಘಾಟಿಯನ್ನು ಸಾವಿರ ಸಲ ಹತ್ತಿಳಿದ ಲಾರಿಯ ಪಟ್ಟಿಯೊಂದು ಕತ್ತಿಯಾಗಿ ಮರುಹುಟ್ಟು ಪಡೆಯುವುದು ಅದಕ್ಕೆ ದೊರೆತ ಸದ್ಗತಿಯೇ ಸರಿ.

ಪಟ್ಟಿಯನ್ನು ಕತ್ತರಿಸಿ, ಕುಲುಮೆಯಲ್ಲಿಟ್ಟು, ತಿದಿಯೊತ್ತಿ, ಕೆಂಪೇರಿದಾಗ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಎಳೆಯಬೇಕು. ಇಲ್ಲೊಂದು ತೊಡಕಿದೆ. ಬಾಯಿಯ ಕಡೆಯನ್ನು ತೆಳುವಾಗಿ ಬಡಿದಷ್ಟೂ ಆ ಮಗ್ಗುಲಿನ ಕಬ್ಬಿಣ ಹಿಗ್ಗಿ ಉದ್ದವಾಗುತ್ತದೆ. ಅಲಗು ತಾನಾಗಿಯೇ ಬೆನ್ನಿನ ಕಡೆಗೆ ಬಾಗತೊಡಗುತ್ತದೆ. ಸಾಮಾನ್ಯ ಖಡ್ಗಕ್ಕೆ ಇದು ಅನುಕೂಲ. ಆದರೆ ಒಡಿಕತ್ತಿ ಬಾಗಬೇಕಾದದ್ದು ಅದಕ್ಕೆ ವಿರುದ್ಧವಾಗಿ, ಬಾಯಿಯ ಕಡೆಗೆ! ಆದ್ದರಿಂದ ಕಮ್ಮಾರನು ಅಲಗು ಇನ್ನೂ ದಪ್ಪವಿರುವಾಗಲೇ ಅದನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಮುಂದಕ್ಕೆ ಬಾಗಿಸಿಟ್ಟುಕೊಳ್ಳಬೇಕು; ಆಮೇಲೆ ಬಾಯಿಯನ್ನು ಬಡಿಯುತ್ತ ಹೋದಂತೆ ಅದು ಸ್ವಲ್ಪ ಸ್ವಲ್ಪ ಹಿಂದೆ ಸರಿದು, ಕೊನೆಯ ಏಟಿನ ಹೊತ್ತಿಗೆ ಸರಿಯಾದ ಬಾಗಿಗೆ ಬಂದು ನಿಲ್ಲಬೇಕು. ಎಷ್ಟು ಹೆಚ್ಚು ಬಾಗಿಸಬೇಕೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ತಂದೆಯ ಸುತ್ತಿಗೆಯನ್ನು ಮಗ ಹತ್ತು ವರ್ಷ ನೋಡಿದರೆ ಬಂದೀತು.

ಹದ ಹಾಕುವುದು ಕಡೆಯ ಕೆಲಸ, ಎಲ್ಲಕ್ಕಿಂತ ಸೂಕ್ಷ್ಮವಾದುದು. ಕಮ್ಮಾರಸಾಲೆ ಯಾವಾಗಲೂ ಏಕೆ ಕತ್ತಲಾಗಿರುತ್ತದೆಂದು ಕೇಳುವವರಿದ್ದಾರೆ. ಬಿಸಿಲಿನಲ್ಲಿ ಕೆಂಪಿನ ಛಾಯೆಗಳು ಕಾಣುವುದಿಲ್ಲ. ಆ ಮಬ್ಬಿನಲ್ಲಿ ಅಲಗು ಹಣ್ಣುಕೆಂಪಿಗೆ ಬಂದ ಗಳಿಗೆಯನ್ನು ಹಿಡಿದು, ಬಾಯಿಯನ್ನಷ್ಟೆ ನೀರಿಗೋ ಎಣ್ಣೆಗೋ ಅದ್ದಿ ತೆಗೆಯಬೇಕು. ಬಾಯಿ ಗಾಜಿನಂತೆ ಗಡುಸಾಗುತ್ತದೆ. ಹಾಗೆಯೇ ಬಿಟ್ಟರೆ ಮೊದಲ ಏಟಿಗೇ ಚಕ್ಕೆ ಹಾರುತ್ತದೆ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲಮೆಲ್ಲನೆ ಬಾಯಿಯತ್ತ ಇಳಿಯುವುದನ್ನು ಆತನು ಕಾಯುತ್ತಾನೆ. ಉಜ್ಜಿ ಬೆಳಗಿಸಿದ ಕಬ್ಬಿಣದ ಮೇಲೆ ಬಣ್ಣಗಳು ಓಡಿಬರುತ್ತವೆ: ಮೊದಲು ಒಣಹುಲ್ಲಿನ ತೆಳುಹಳದಿ, ಅನಂತರ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಹಣಿಕಿಕ್ಕುವುದು 230 ಡಿಗ್ರಿಯ ಸುಮಾರಿಗೆ, ನೀಲಿ 300ರ ಸುಮಾರಿಗೆ. ಹಳದಿ ಕಂದಿಗೆ ತಿರುಗುವಾಗ ಮತ್ತೆ ಅದ್ದಿದರೆ ಹರಿತವೂ ಉಳಿಯುತ್ತದೆ, ಗಟ್ಟಿತನವೂ ಬರುತ್ತದೆ. ನೀಲಿಯಾಗುವವರೆಗೆ ಮೈಮರೆತರೆ ಬಾಯಿ ಮೆತ್ತಗಾಯಿತೆಂದೇ ಲೆಕ್ಕ. ಇಷ್ಟೂ ಬಣ್ಣಗಳ ಆಟ ಮುಗಿಯಲು ಬೇಕಾದ ಕಾಲ ಒಂದು ವೀಳ್ಯ ಮಡಿಸುವಷ್ಟು.

ಇಷ್ಟೆಲ್ಲ ಪಾಡು ಈಗ ಏತಕ್ಕೆ? ಯುದ್ಧಗಳಿಲ್ಲ, ಹೆಬ್ಬೇಟೆಗಳೂ ಇಲ್ಲ. ಕೋವಿಯಾದರೋ ಕೊಡಗಿನಲ್ಲಿ ಇಂದಿಗೂ ಸಜೀವವಾದ ಹಕ್ಕು. 1861ರಷ್ಟು ಹಿಂದಿನಿಂದ ನಡೆದುಬಂದ ವಿನಾಯಿತಿಯಂತೆ ಕೊಡವರೂ ಜಮ್ಮಾ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಸರಕಾರವು 2019ರಲ್ಲಿ ಇದನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಒಡಿಕತ್ತಿಗೆ ಅಂಥ ಸುದ್ದಿಯೂ ಇಲ್ಲ, ಮೊಕದ್ದಮೆಯೂ ಇಲ್ಲ. ಅದಕ್ಕೆ ಉಳಿದಿರುವ ನಿಜವಾದ ಕೆಲಸ ಒಂದೇ: ಮದುವೆಯ ದಿನದ ಬಾಳೆ ಬಿರುದು.

ವರನ ಕಡೆಯವರು ದಿಬ್ಬಣ ಬಂದಾಗ ಅಂಗಳದ ಬಳಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಕಡಿಯುವುದು ಕೊಡವರ ಮದುವೆಯ ಒಂದು ಮರ್ಯಾದೆ. ವಾಲಗದ ಸದ್ದು ಏರುತ್ತದೆ. ಗೌರವಕ್ಕೆ ಪಾತ್ರರಾದ ಹಿರಿಯರು ಮುಂದೆ ಬಂದು ಕತ್ತಿ ಬೀಸುತ್ತಾರೆ. ದಿಂಡೊಂದಕ್ಕೆ ಒಂದೇ ಏಟು. ಬಾಳೆಯೇನು ಮಹಾ ಎಂದು ನಗುವವರು ಒಮ್ಮೆ ಕಡಿದು ನೋಡಬೇಕು. ಮೇಲೆ ಆಧಾರವಿಲ್ಲದೆ ನಿಂತ ದಿಂಡಿಗೆ ಮೊಂಡು ಕತ್ತಿ ತಗುಲಿದರೆ ಅದು ತುಂಡಾಗುವ ಬದಲು ವಾಲುತ್ತದೆ, ಇಲ್ಲವೆ ಪದರಗಳ ನಾರಿನಲ್ಲಿ ಅಲಗು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಎರಡು ಮನೆಯ ನೆಂಟರೂ ನೋಡುತ್ತಿರುವಾಗ, ದಿಂಡಿನೊಳಗೆ ಸಿಕ್ಕಿದ ಕತ್ತಿಯನ್ನು ಅಲ್ಲಾಡಿಸಿ ಕೀಳುವ ಪ್ರಸಂಗ ಯಾವ ಹಿರಿಯನಿಗೂ ಬೇಡ! ಸರಿಯಾದ ಕತ್ತಿಯಾದರೆ ಒಳಬಾಗಿನ ಬಾಯಿ ದಿಂಡನ್ನು ಜಾರಗೊಡದೆ ಅಪ್ಪಿಕೊಂಡು ಓರೆಯಾಗಿ ಸರಕ್ಕನೆ ಇಳಿದುಹೋಗುತ್ತದೆ. ಕತ್ತರಿಸಿದ ಮೇಲಿನ ತುಂಡು ಒಂದು ಗಳಿಗೆ ಅಲ್ಲಿಯೇ ನಿಂತು, ಆಮೇಲೆ ಜಾರಿ ಬೀಳುತ್ತದೆ. ಬಿಟ್ಟಂಗಾಲದ ಮೈದಾನದಲ್ಲಿ ಆಟಗಾರನು ವರ್ಣಿಸುವ ಆ ಹಿತವಾದ ಏಟು ಇದೇ ಅಲ್ಲವೆ? ಬೀಸುವ ಯಾವ ಕಬ್ಬಿಣದಲ್ಲಿಯೂ ಒಂದು ಬಿಂದುವುಂಟು. ಅಲ್ಲಿ ತಗುಲಿದರೆ ಹಿಡಿಗೆ ನಡುಕ ಬರುವುದಿಲ್ಲ. ಆ ಬಿಂದುವನ್ನು ಏಟು ಬೀಳುವ ಎಡೆಗೇ ತಂದು ನಿಲ್ಲಿಸುವುದಕ್ಕಾಗಿ ಇಚಿಕಾವಾದ ಸಾಣೆಗಾರನೂ ಕೊಡಗಿನ ಕಮ್ಮಾರನೂ ಒಂದೇ ಬಗೆಯಲ್ಲಿ ಬೆವರಿಳಿಸುತ್ತಾರೆ.

ಆದರೆ ಜಪಾನಿನವನ ಗಿರಾಕಿ ವಾರಕ್ಕೆ ಎರಡು ದಿನ ನೂರಾರು ಏಟು ಹೊಡೆಯುತ್ತಾನೆ. ಕೋಲು ಕೆಟ್ಟರೆ ಮರುದಿನವೇ ದೂರುತ್ತಾನೆ. ಕೊಡಗಿನವನ ಕತ್ತಿ ಎಷ್ಟೋ ಮನೆಗಳಲ್ಲಿ ವರ್ಷಕ್ಕೊಮ್ಮೆ ಪೂಜೆಗೆ, ಅಪರೂಪಕ್ಕೊಮ್ಮೆ ಮದುವೆಗೆ. ಇಂದು ಮಡಿಕೇರಿಯ ಅಂಗಡಿಗಳಲ್ಲಿ ಪ್ರವಾಸಿಗರು ಗೋಡೆಗೆ ತೂಗುಹಾಕಲೆಂದು ಕೊಳ್ಳುವ ಒಡಿಕತ್ತಿ, ಪೀಚೆಕತ್ತಿಗಳಿವೆ. ಕನ್ನಡಿಯ ಚೌಕಟ್ಟಿನಲ್ಲಿ ಅಡ್ಡಡ್ಡಲಾಗಿ ಜೋಡಿಸಿದವು, ಹೊಳಪಿಗೆ ಕೊರತೆಯಿಲ್ಲ. ಇವುಗಳಲ್ಲಿ ಹಲವು ತಗಡಿನಿಂದ ಕತ್ತರಿಸಿದವು. ಬೆಂಕಿಯ ಹದವನ್ನು ಕಂಡವಲ್ಲ. ಅದರಲ್ಲಿ ಮೋಸವೇನೂ ಇಲ್ಲ. ಗೋಡೆಯ ಮೇಲಿರುವುದಕ್ಕೆ ಬಾಯಿ ಏಕೆ? ಕೇಡು ಇರುವುದು ಅದೇ ಬಗೆಯ ಕತ್ತಿ ನಡುವಿನ ತೋಡಂಗಿಗೂ ಏರಿದಾಗ. ಬಾಳೆ ಕಡಿಯುವ ಶಾಸ್ತ್ರವನ್ನು ಮೂರು ಏಟಿಗೋ ನಾಲ್ಕು ಏಟಿಗೋ ಮುಗಿಸಿದರೆ ಯಾರೂ ಕೇಳುವುದಿಲ್ಲವೆಂದಾದರೆ, ದಪ್ಪವಿರುವಾಗಲೇ ಹೆಚ್ಚಾಗಿ ಬಾಗಿಸಿಡುವ ಆ ಲೆಕ್ಕ ಯಾರಿಗೆ ಬೇಕು?

ಸದ್ಯಕ್ಕೆ ಕುಲುಮೆಗಳನ್ನು ಆರದಂತೆ ಕಾಪಾಡಿರುವುದು ಕಾಫಿ. ತೋಟಕ್ಕೆ ಕತ್ತಿ ಬೇಕು. ಮಳೆಗೆ ಮುನ್ನ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಯ ಕೆಲಸಕ್ಕೆ, ಗಿಡಗಳ ಕವಾತಿಗೆ, ಕಾಡು ಸವರುವುದಕ್ಕೆ ಬೇರೆ ಬೇರೆ ಅಳತೆಯ ಕತ್ತಿಗಳು. ಸಿಲ್ವರ್ ಓಕ್ ಮರದ ನೆತ್ತಿಯಲ್ಲಿ ಒಂದು ಕೈಯಿಂದ ಕೊಂಬೆ ಹಿಡಿದು ಇನ್ನೊಂದು ಕೈಯಿಂದ ಬೀಸುವ ಆಳಿಗೆ ಎರಡನೆಯ ಏಟಿನ ಬಿಡುವಿಲ್ಲ. ಅವನ ಕತ್ತಿಯ ಬಾಯಿ ಮಡಚಿದರೆ ಸಂಜೆಯೊಳಗೆ ಅದು ಕಮ್ಮಾರನ ಮುಂದೆ ಬಂದು ಬಿದ್ದಿರುತ್ತದೆ, ನಾಲ್ಕು ಮಾತಿನ ಸಮೇತ. ಒಡಿಕತ್ತಿಯ ಬಾಗು, ಹದಗಳನ್ನು ಬಲ್ಲ ಕೈ ಇಂದು ಅಭ್ಯಾಸ ತಪ್ಪದೆ ಉಳಿದಿರುವುದು ಈ ಬಡಪಾಯಿ ತೋಟದ ಕತ್ತಿಗಳ ಮೇಲೆ.

ಕೈಲ್ ಪೋಳ್ದ್ ಬಹುಮಟ್ಟಿಗೆ ಸೆಪ್ಟೆಂಬರ್ 3ರಂದು ಬರುತ್ತದೆ. ಅಂದು ಆಯುಧಗಳನ್ನು ತೊಳೆದು, ಎಣ್ಣೆ ಸವರಿ, ದೀಪದ ಮುಂದಿಟ್ಟು, ಕೋವಿಯ ಬಾಯಿಗೆ ತೋಕ್ ಪೂ ಮುಡಿಸುವರು. ಸಂಸ್ಕೃತದಲ್ಲಿ ಅಗ್ನಿಶಿಖೆ ಎಂದು ಕರೆಸಿಕೊಂಡ ಕೆಂಪು ಹಳದಿಯ ಹೂ ಅದು. ಅದರ ಬಣ್ಣ ಕುಲುಮೆಯಿಂದಲೇ ಕಡ ತಂದಂತಿರುತ್ತದೆ. ಪೂಜೆಯ ಬಳಿಕ ಕಡಂಬುಟ್ಟು, ಪಂದಿ ಕರಿಯ ಊಟ. ಅನಂತರ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಹಬ್ಬ ಮುಗಿದ ಮರುವಾರ ಮಡಿಕೇರಿಯ ಶುಕ್ರವಾರದ ಸಂತೆಗೆ ಬಂದವರು ತೋಟದ ಕತ್ತಿಗಳ ರಾಶಿಯ ಮುಂದೆ ಕುಳಿತು ಒಂದೊಂದನ್ನೇ ಎತ್ತಿ ನೋಡುತ್ತಾರೆ. ಹೊಳಪನ್ನು ಯಾರೂ ನೋಡುವುದಿಲ್ಲ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಗಾಳಿಯಲ್ಲಿ ಎರಡು ಸಲ ಬೀಸಿ, ಅಲಗನ್ನು ಉಗುರಿನಿಂದ ಮೀಟಿ, ಕಿವಿಯ ಬಳಿ ಹಿಡಿದು ಸದ್ದು ಕೇಳಿ, ಆಮೇಲೆ ಬೆಲೆಯ ಚೌಕಾಸಿಗೆ ತೊಡಗುತ್ತಾರೆ.